ಒಂದು ಊರು, ಎರಡು ಹರಾಜು

ಮೈಸೂರಿನಿಂದ ಮಡಿಕೇರಿ ದಾರಿ ಹಿಡಿದು ಇಲವಾಲ, ಬಿಳಿಕೆರೆ ದಾಟಿ ಹುಣಸೂರು ಬಿಟ್ಟರೆ, ಅಲ್ಲಿಂದ ಪಿರಿಯಾಪಟ್ಟಣದವರೆಗೆ ಹೊಲಗಳ ನಡುವೆ ಒಂದು ಬಗೆಯ ಕಟ್ಟಡ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಚೌಕನೆಯ ತಳ, ಮನೆಗಿಂತ ಎತ್ತರದ ಗೋಡೆ, ಮೇಲೆ ಹೆಂಚು ಅಥವಾ ತಗಡು, ಒಂದೇ ಬಾಗಿಲು. ಕಿಟಕಿ ಇದೆಯೆಂದರೆ ಇದೆ, ಇಲ್ಲವೆಂದರೆ ಇಲ್ಲ. ಕೊಡಗಿಗೆ ಹೊರಟ ಶಾಲಾ ಪ್ರವಾಸದ ಬಸ್ಸುಗಳಲ್ಲಿ ಮಕ್ಕಳು ಇದೇನೆಂದು ಕೇಳುತ್ತಾರೆ. ಬೈಲುಕುಪ್ಪೆಯ ಬುದ್ಧನನ್ನು ನೋಡುವ ಆತುರದಲ್ಲಿರುವ ಮೇಷ್ಟರು ‘ಯಾವುದೋ ಗೋದಾಮು’ ಎಂದು ಹೇಳಿ ಮುಗಿಸುತ್ತಾರೆ.

ಅದು ಬ್ಯಾರನ್. ಹೊಗೆಸೊಪ್ಪು ಬೇಯಿಸುವ ಮನೆ. ಈ ಸೀಮೆಯಲ್ಲಿ ಹೆಣ್ಣು ಕೊಡುವವರು ‘ಜಮೀನು ಎಷ್ಟಿದೆ’ ಎಂದು ಕೇಳುವ ಮೊದಲು ‘ಬ್ಯಾರನ್ ಲೈಸೆನ್ಸ್ ಇದೆಯಾ’ ಎಂದು ಕೇಳುತ್ತಿದ್ದ ಕಾಲವೊಂದಿತ್ತು. ಪೂರ್ತಿ ಹೋಗಿಲ್ಲ ಆ ಕಾಲ.

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರ, ಆಚೆಗೆ ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಸುತ್ತು – ಸ್ಥೂಲವಾಗಿ ಇದು ಕರ್ನಾಟಕದ ವರ್ಜೀನಿಯಾ ಹೊಗೆಸೊಪ್ಪಿನ ನಾಡು. ನಿಪ್ಪಾಣಿಯ ಸೊಪ್ಪು ಬೇರೆ, ಅದು ಬಿಸಿಲಲ್ಲಿ ಒಣಗಿ ಬೀಡಿಗೆ ಹೋಗುವಂಥದು. 1981ರಲ್ಲಿ ಬೆಲೆಗಾಗಿ ರಸ್ತೆಗಿಳಿದ ನಿಪ್ಪಾಣಿಯ ರೈತರ ಮೇಲೆ ಗೋಲಿಬಾರ್ ಆಗಿ ಜೀವಗಳು ಹೋದದ್ದನ್ನು ಹಿರಿಯ ಓದುಗರು ಬಲ್ಲರು. ನಮ್ಮ ಕಡೆಯ ಸೊಪ್ಪು ಸಿಗರೇಟಿನದು. ಮಳೆಯನ್ನೇ ನಂಬಿದ ಕೆಂಪು ಮರಳು ಮಿಶ್ರಿತ ಹಗುರ ಮಣ್ಣು ಇದಕ್ಕೆ ಹೇಳಿ ಮಾಡಿಸಿದ್ದು. ಇನ್ನಾವ ಬೆಳೆಗೂ ಅಷ್ಟೇನೂ ಒಲಿಯದ ಮಣ್ಣು ಈ ಒಂದು ಬೆಳೆಗೆ ಒಲಿದಿದೆ ಎಂಬುದರಲ್ಲೇ ಇಲ್ಲಿಯ ಅರ್ಧ ಕತೆ ಇದೆ.

ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ನಾನು ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿಕೊಂಡಿದ್ದೇನೆ. ಊರಿನ ಹೆಸರು ಬೇಡ. ಅಂಗಡಿಯ ಸಾಲದ ಮಾತೆಲ್ಲ ಮುಂದೆ ಬರುವುದರಿಂದ ಹೆಸರು ಹಾಕಿದರೆ ಊರಿನವರಿಗೆ ಮುಜುಗರ. ಶಾಲೆಯ ಅಂಗಳದಲ್ಲಿ ನಿಂತರೆ ಬೆಟ್ಟದಪುರದ ಬೆಟ್ಟ, ಅದರ ನೆತ್ತಿಯ ಮೇಲಿನ ಸಿಡಿಲು ಮಲ್ಲಿಕಾರ್ಜುನನ ಗುಡಿ ಕಾಣುತ್ತವೆ ಎಂದಷ್ಟು ಹೇಳಿದರೆ ಸಾಕು.

ಈ ಊರಿನ ಪಂಚಾಂಗ ಯುಗಾದಿಯಿಂದ ಶುರುವಾಗುವುದಿಲ್ಲ, ಸಸಿ ಮಡಿಯಿಂದ ಶುರುವಾಗುತ್ತದೆ. ಫೆಬ್ರವರಿ, ಮಾರ್ಚಿಯಲ್ಲಿ ಮಡಿ ಹಾಕುತ್ತಾರೆ. ಹೊಗೆಸೊಪ್ಪಿನ ಬೀಜ ಎಷ್ಟು ಸಣ್ಣದೆಂದರೆ ಒಂದು ಗ್ರಾಮಿಗೆ ಹತ್ತು ಸಾವಿರಕ್ಕೂ ಹೆಚ್ಚು ಬೀಜ ತೂಗುತ್ತವೆ. ರಾಗಿ ಕಾಳು ಅದರ ಮುಂದೆ ಕುಂಬಳಕಾಯಿ. ಮುಂಗಾರು ಪೂರ್ವದ ಮಳೆ ಎರಡು ಹದ ಬಿದ್ದರೆ ಮೇ ತಿಂಗಳಲ್ಲಿ ನಾಟಿ. ಗಿಡ ಹೂವಿಗೆ ಬರುತ್ತಿದ್ದಂತೆ ಕುಡಿ ಮುರಿಯುತ್ತಾರೆ. ಹೂವು ಬಿಟ್ಟು ಬೀಜ ಕಟ್ಟಲು ಹೋಗುವ ಶಕ್ತಿಯನ್ನು ಎಲೆಗೆ ತಿರುಗಿಸುವ ಉಪಾಯ ಇದು. ಇನ್ನೊಂದು ಪರಿಣಾಮವೂ ಇದೆ: ನಿಕೋಟಿನ್ ತಯಾರಾಗುವುದು ಎಲೆಯಲ್ಲಲ್ಲ, ಬೇರಿನಲ್ಲಿ. ಅಲ್ಲಿಂದ ಮೇಲಕ್ಕೆ ಸಾಗಿ ಎಲೆಯಲ್ಲಿ ಶೇಖರವಾಗುತ್ತದೆ. ಕುಡಿ ಮುರಿದರೆ ಗಿಡ ಗಾಯವಾಯಿತೆಂದು ತಿಳಿದು ಇನ್ನಷ್ಟು ನಿಕೋಟಿನ್ ಮಾಡುತ್ತದೆ. ಹುಳು ತಿನ್ನದಿರಲಿ ಎಂದು ಗಿಡ ತನ್ನ ರಕ್ಷಣೆಗೆ ಮಾಡಿಕೊಂಡ ವಿಷಕ್ಕೆ ಮನುಷ್ಯ ಚಟ ಹತ್ತಿಸಿಕೊಂಡ. ಇದನ್ನು ಹೇಳಿದಾಗಲೆಲ್ಲ ತರಗತಿ ನಗುತ್ತದೆ.

ಜುಲೈಯಿಂದ ಸೆಪ್ಟೆಂಬರ್‌ವರೆಗೆ ಸೊಪ್ಪು ಮುರಿಯುವ, ಬೇಯಿಸುವ ಕಾಲ. ಗಿಡದ ಬುಡದಿಂದ ಮೇಲಕ್ಕೆ, ಬಲಿತಂತೆಲ್ಲ ಎರಡು ಮೂರು ಎಲೆಯಂತೆ ಮುರಿಯುತ್ತ ಹೋಗುತ್ತಾರೆ. ಹೆಂಗಸರು ನೆರಳಲ್ಲಿ ಕೂತು ಎಲೆಯನ್ನು ಉದ್ದನೆಯ ಕಡ್ಡಿಗೆ ಜೋಡಿಸಿ ಕಟ್ಟುತ್ತಾರೆ. ಆ ಕಡ್ಡಿಗಳನ್ನು ಬ್ಯಾರನ್ನಿನೊಳಗೆ ಅಂತಸ್ತು ಅಂತಸ್ತಾಗಿ ಮೇಲಿನಿಂದ ಕೆಳಕ್ಕೆ ತೂಗುಹಾಕಿ ಬಾಗಿಲು ಮುಚ್ಚಿ ಒಲೆ ಹಚ್ಚುತ್ತಾರೆ.

ಹೆಸರಿನಲ್ಲೇ ಹೊಗೆ ಇದ್ದರೂ ಬ್ಯಾರನ್ನಿನೊಳಗೆ ಹೊಗೆ ಸುಳಿಯಬಾರದು. ಹೊರಗಿನ ಒಲೆಯ ಬಿಸಿಹೊಗೆ ದಪ್ಪ ತಗಡಿನ ಕೊಳವೆಯಲ್ಲಿ ನೆಲದ ಮೇಲೆ ಒಂದು ಸುತ್ತು ಬಂದು ಹೊರಟುಹೋಗುತ್ತದೆ. ಕೊಳವೆಯ ಕಾವು ಮಾತ್ರ ಒಳಗೆ ಉಳಿಯುತ್ತದೆ. ಮೊದಲ ಒಂದೆರಡು ದಿನ 35ರಿಂದ 40 ಡಿಗ್ರಿ ಸೆಲ್ಸಿಯಸ್ಸಿನ ಹದವಾದ ಸೆಕೆ. ಈ ಹಂತದಲ್ಲಿ ಎಲೆ ಇನ್ನೂ ಸತ್ತಿರುವುದಿಲ್ಲ. ಅದರ ಪಿಷ್ಟ ಸಕ್ಕರೆಯಾಗುತ್ತದೆ, ಪತ್ರಹರಿತ್ತು ಒಡೆದು ಹೋಗಿ ಅದರ ಹಿಂದೆ ಮೊದಲಿನಿಂದಲೂ ಅಡಗಿದ್ದ ಹಳದಿ ಹೊರಬೀಳುತ್ತದೆ. ಆಮೇಲೆ ಕಾವು ಏರಿಸಿ ಎಲೆ ಒಣಗಿಸಬೇಕು. ಕೊನೆಗೆ 70 ಡಿಗ್ರಿಯ ಆಸುಪಾಸಿಗೆ ತಂದು ನಡುವಿನ ದಿಂಡು ಒಣಗಿಸಬೇಕು. ಆತುರಪಟ್ಟು ಬೇಗ ಕಾವು ಏರಿಸಿದರೆ ಎಲೆ ಹಸಿರಾಗಿಯೇ ಸಾಯುತ್ತದೆ, ತಡವಾದರೆ ಕಪ್ಪಾಗುತ್ತದೆ. ಐದಾರು ಹಗಲು, ಐದಾರು ರಾತ್ರಿ ಒಬ್ಬರು ಒಲೆಯ ಮುಂದೆ ಇರಲೇಬೇಕು. ಒಣಗಿದ ಒಂದು ಎಲೆ ಜಾರಿ ಕಾದ ಕೊಳವೆಯ ಮೇಲೆ ಬಿದ್ದರೆ ಸಾಕು, ಇಡೀ ಬ್ಯಾರನ್ ಹೊತ್ತಿಕೊಳ್ಳುತ್ತದೆ. ಪಕ್ಕದ ಪಟ್ಟಣದಿಂದ ಅಗ್ನಿಶಾಮಕ ವಾಹನ ಬರುವಷ್ಟರಲ್ಲಿ ಗೋಡೆ ಮಾತ್ರ ಉಳಿದಿರುತ್ತದೆ.

ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ ಥರ್ಮಾಮೀಟರನ್ನು ಸಣ್ಣ ಕಿಂಡಿಯಿಂದ ಓದುವ ಹುಡುಗನಿಗೆ ಉಷ್ಣಪ್ರಸಾರದ ಪಾಠವನ್ನು ನಾನು ಬೇರೆ ಹೇಳಿಕೊಡಬೇಕಾಗಿಲ್ಲ. ಕೆಳಗಿನ ಕಿಂಡಿ ಎಷ್ಟು, ಮೇಲಿನ ಗವಾಕ್ಷಿ ಎಷ್ಟು ತೆರೆದರೆ ತೇವ ಹೊರಹೋಗುತ್ತದೆ ಎಂಬುದು ಅವನ ಕೈಗೆ ಗೊತ್ತು. ಪರೀಕ್ಷೆಯಲ್ಲಿ ‘ಸಂವಹನ ಎಂದರೇನು’ ಎಂದು ಕೇಳಿದರೆ ಅವನೇ ತಡವರಿಸುತ್ತಾನೆ. ನಮ್ಮ ಪ್ರಶ್ನೆಪತ್ರಿಕೆಗಳ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಲಾರೆ.

ಈ ಮೂರು ತಿಂಗಳು ಹಾಜರಿ ಪುಸ್ತಕ ಸೊರಗುತ್ತದೆ. ಬಂದವರ ಬೆರಳುಗಳಲ್ಲಿ ಸೋಪಿಗೂ ಜಗ್ಗದ ಕಪ್ಪು ಅಂಟು. ಕೆಲವರು ಬೆಳಗಿನ ಪ್ರಾರ್ಥನೆಯಲ್ಲೇ ತಲೆ ಸುತ್ತಿ ಕೂರುತ್ತಾರೆ. ಅವರು ತಿಂಡಿ ತಿಂದಿಲ್ಲವೆಂದಷ್ಟೇ ತಿಳಿಯಬಾರದು. ನಿಕೋಟಿನ್ ನೀರಿನಲ್ಲಿ ಕರಗುತ್ತದೆ. ಮಂಜು ಅಥವಾ ಮಳೆಯಲ್ಲಿ ನೆನೆದ ಹಸಿ ಎಲೆಯನ್ನು ಬರಿಗೈಯಲ್ಲಿ ಮುರಿದು ಎದೆಗವಚಿಕೊಂಡು ಸಾಗಿಸಿದರೆ ಅದು ಚರ್ಮದ ಮೂಲಕವೇ ಮೈಗೆ ಇಳಿಯುತ್ತದೆ. ವಾಕರಿಕೆ, ವಾಂತಿ, ತಲೆನೋವು, ಸುಸ್ತು ಇದರ ಲಕ್ಷಣ. ಬೀಡಿ ಸಿಗರೇಟು ಮುಟ್ಟದ ತಾಯಂದಿರಿಗೂ ಮಕ್ಕಳಿಗೂ ಇದು ಹೆಚ್ಚು ಬಾಧಿಸುತ್ತದೆ, ಅವರ ಮೈಗೆ ಅಭ್ಯಾಸವಿಲ್ಲವಲ್ಲ. ಇಬ್ಬನಿ ಆರಿದ ಮೇಲೆ ಹೊಲಕ್ಕಿಳಿಯುವುದು, ಕೈಗವಸು, ತುಂಬುತೋಳಿನ ಅಂಗಿ, ನೆನೆದ ಬಟ್ಟೆ ಕೂಡಲೇ ಬದಲಿಸುವುದು, ಕೈ ತೊಳೆಯದೆ ಊಟಕ್ಕೆ ಕೂರದಿರುವುದು – ಇಷ್ಟನ್ನು ಪ್ರತಿ ಜುಲೈಯಲ್ಲಿ ಪೋಷಕರ ಸಭೆಯಲ್ಲಿ ಹೇಳುತ್ತೇನೆ. ‘ಇಬ್ಬನಿ ಆರೋವರ್ಗೂ ಕಾದ್ರೆ ಕೂಲಿಯೋರು ಕಾಯ್ತಾರಾ ಮೇಷ್ಟ್ರೇ?’ ಎನ್ನುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೂ ಮಕ್ಕಳನ್ನಾದರೂ ಬೆಳಿಗ್ಗೆ ಇಳಿಸಬೇಡಿ ಎಂಬ ಮಾತನ್ನು ಈಗ ಹಲವರು ಕೇಳುತ್ತಿದ್ದಾರೆ.

ಇನ್ನು ಊರಿನ ವ್ಯವಹಾರ. ಇಲ್ಲಿ ‘ಮಾರ್ಕೆಟ್’ ಎಂದರೆ ತರಕಾರಿ ಮಾರ್ಕೆಟ್ ಅಲ್ಲ, ತಂಬಾಕು ಮಂಡಳಿಯ ಹರಾಜು ಕಟ್ಟೆ. ಅದು ತೆರೆಯುವುದು ಸೆಪ್ಟೆಂಬರ್ ಕೊನೆಗೋ ಅಕ್ಟೋಬರಿಗೋ. ಮುಗಿಯುವುದು ಫೆಬ್ರವರಿ, ಮಾರ್ಚಿಯ ಸುಮಾರಿಗೆ. ವರ್ಷದ ದುಡ್ಡು ಬರುವುದು ಈ ಕೆಲವು ತಿಂಗಳಲ್ಲಿ, ಖರ್ಚಿರುವುದು ಹನ್ನೆರಡು ತಿಂಗಳೂ. ಈ ಅಂತರವನ್ನು ತುಂಬುವುದು ಅಂಗಡಿಯವನ ಉದ್ದನೆಯ ಲೆಕ್ಕದ ಪುಸ್ತಕ. ಸಕ್ಕರೆ, ಎಣ್ಣೆ, ಹಾಸ್ಟೆಲಿಗೆ ಹೊರಟ ಮಗಳ ಟ್ರಂಕು, ದೇವರ ಹಬ್ಬದ ಕುರಿಮರಿ – ಎಲ್ಲಕ್ಕೂ ಒಂದೇ ವಾಯಿದೆ: ‘ಮಾರ್ಕೆಟ್ ಆಗ್ಲಿ.’ ಅಂಗಡಿಯವನು ಬಡ್ಡಿ ಹಾಕುವುದಿಲ್ಲ. ಉದ್ರಿಯ ಬೆಲೆಯೊಳಗೇ ಬಡ್ಡಿ ಕೂತಿರುತ್ತದೆ. ನಗದಿನ ದರ, ಉದ್ರಿಯ ದರ ಎರಡನ್ನೂ ಬರೆದು ಆರು ತಿಂಗಳಿಗೆ ಬಿದ್ದ ಬಡ್ಡಿ ಶೇಕಡಾ ಎಷ್ಟೆಂದು ಲೆಕ್ಕ ಹಾಕಿ ಎಂದು ಒಮ್ಮೆ ಒಂಬತ್ತನೇ ತರಗತಿಗೆ ಮನೆಗೆಲಸ ಕೊಟ್ಟೆ. ಮರುದಿನ ಅಂಗಡಿಯವನೇ ಶಾಲೆಗೆ ಬಂದ. ಜಗಳಕ್ಕಲ್ಲ. ‘ನಂಗೂ ಮೈಸೂರಿನ ಮಂಡಿಯೋನು ಹಿಂಗೇ ಹಾಕ್ತಾನೆ ಸಾ, ಅದನ್ನೂ ಮಕ್ಕಳ ಕೈಲಿ ಲೆಕ್ಕ ಮಾಡ್ಸಿ’ ಎಂದ.

ಕಾಲೇಜಿನ ಫೀಜು ಮಾತ್ರ ಮಾರ್ಕೆಟ್ಟಿಗೆ ಕಾಯುವುದಿಲ್ಲ. ಅದು ಜೂನ್ ತಿಂಗಳಲ್ಲಿ ಬರುತ್ತದೆ, ಸಸಿ ನೆಟ್ಟು, ಗೊಬ್ಬರ ಹಾಕಿ ಕೈ ಬರಿದಾಗಿರುವಾಗ. ಹಾಗಾಗಿ ಜೂನಿನಲ್ಲಿ ತಾಯಂದಿರ ಕತ್ತಿನ ಸರ ಪಟ್ಟಣದ ಚಿನ್ನದ ಸಾಲದ ಅಂಗಡಿಗೆ ಹೋಗಿ ನವೆಂಬರಿನಲ್ಲಿ ವಾಪಸು ಬರುತ್ತದೆ. ಬಾರದ ವರ್ಷಗಳೂ ಇವೆ. ಇತ್ತೀಚೆಗೆ ವಾರದ ಕಂತಿನ ಸಂಘಗಳು ಬಂದಿವೆ. ವರ್ಷಕ್ಕೊಮ್ಮೆ ಹಣ ಕಾಣುವ ಮನೆಗೆ ವಾರವಾರ ಕಟ್ಟುವ ಸಾಲ ಕೊಟ್ಟರೆ ಏನಾಗುತ್ತದೆ? ಒಂದರ ಕಂತಿಗೆ ಇನ್ನೊಂದರಲ್ಲಿ ಸಾಲ. ಇದಕ್ಕೆ ಬೀಜಗಣಿತ ಬೇಕಾಗಿಲ್ಲ.

ಹರಾಜು ಕಟ್ಟೆಯನ್ನು ಒಮ್ಮೆಯಾದರೂ ನೋಡಬೇಕು. ತಂಬಾಕು ಮಂಡಳಿ ಕೇಂದ್ರದ ವಾಣಿಜ್ಯ ಸಚಿವಾಲಯದ ಕೆಳಗಿನ ಸಂಸ್ಥೆ. 1975ರ ಕಾಯಿದೆಯಂತೆ 1976ರ ಜನವರಿ 1ರಂದು ಶುರುವಾಯಿತು, ಕೇಂದ್ರ ಕಚೇರಿ ಗುಂಟೂರಿನಲ್ಲಿ. ಅದಕ್ಕೂ ಹಿಂದೆ ಸೊಪ್ಪು ವರ್ತಕ ಹೇಳಿದ ಬೆಲೆಗೆ ಹೋಗುತ್ತಿತ್ತು, ದುಡ್ಡು ಅವನು ಕೊಟ್ಟಾಗ ಬರುತ್ತಿತ್ತು. ಎಕ್ಸೈಸಿನವರು ಬೇರೆ ಮನೆಬಾಗಿಲಿಗೆ ಬಂದು ಸೊಪ್ಪು ತೂಗಿ ಬರೆದುಕೊಳ್ಳುತ್ತಿದ್ದರು. ಬಿಡಿ ಸೊಪ್ಪಿನ ಮೇಲಿನ ಆ ಸುಂಕ 1979ರಲ್ಲಿ ರದ್ದಾಯಿತು. ಕರ್ನಾಟಕದಲ್ಲಿ ಮಂಡಳಿಯ ಹರಾಜು ಆರಂಭವಾದದ್ದು 1984ರಲ್ಲಿ, ಆಂಧ್ರಕ್ಕಿಂತ ಒಂದು ವರ್ಷ ಮೊದಲು. ಈಗ ಯಾರು ಬೆಳೆಯಬೇಕು, ಯಾವ ಬ್ಯಾರನ್ನಿನಲ್ಲಿ ಬೇಯಿಸಬೇಕು, ಎಷ್ಟು ಕಿಲೋ ಮಾರಬೇಕು ಎಲ್ಲಕ್ಕೂ ನೋಂದಣಿ. ಒಟ್ಟು ಎಷ್ಟು ಬೆಳೆಯಬಹುದೆಂದು ಪ್ರತಿ ವರ್ಷ ಮಂಡಳಿ ನಿಗದಿ ಮಾಡುತ್ತದೆ. ಇತ್ತೀಚಿನ ವರ್ಷಗಳಲ್ಲಿ ಕರ್ನಾಟಕದ ಪಾಲು ಹತ್ತು ಕೋಟಿ ಕಿಲೋ ಆಸುಪಾಸು. ಲೈಸೆನ್ಸ್ ಇಲ್ಲದೆ ಬೆಳೆದವರೂ ಕಡಿಮೆಯಿಲ್ಲ. ಅವರ ಸೊಪ್ಪನ್ನು ದಂಡ ಹಾಕಿ ಕೊಳ್ಳಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಡುತ್ತದೋ ಇಲ್ಲವೋ ಎಂಬುದು ಊರಿನ ದೊಡ್ಡ ಚರ್ಚೆ.

ಗೋಣಿತಾಟಿನಲ್ಲಿ ಕಟ್ಟಿದ ಬೇಲುಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಹಿಂದೆ ಹರಾಜು ಕೂಗುವವನು ಸಾಲಿನ ಒಂದು ಬದಿ, ಕಂಪನಿಗಳ ಖರೀದಿದಾರರು ಇನ್ನೊಂದು ಬದಿ ನಡೆಯುತ್ತಿದ್ದರು. ಕೂಗು ರಾಗವಾಗಿ ಹರಿಯುತ್ತಿತ್ತು, ಒಬ್ಬ ಹುಬ್ಬು ಹಾರಿಸಿದರೆ ಒಂದು ರೂಪಾಯಿ ಏರುತ್ತಿತ್ತು, ಒಂದು ಬೇಲಿನ ಹಣೆಬರಹ ಕೆಲವು ಸೆಕೆಂಡಿನಲ್ಲಿ ಮುಗಿಯುತ್ತಿತ್ತು. ಈಗ ಕೂಗಿಲ್ಲ. ಖರೀದಿದಾರರ ಕೈಯಲ್ಲಿ ಸಣ್ಣ ಯಂತ್ರ, ಅದರ ಗುಂಡಿ ಒತ್ತಿದರೆ ಬೆಲೆ ದಾಖಲು. ಯಾರು ಎಷ್ಟು ಕೂಗಿದರೆಂಬುದು ಲೆಕ್ಕದಲ್ಲಿ ಉಳಿಯುತ್ತದೆ, ಅದು ಒಳ್ಳೆಯದೇ. ಹಣ ಬ್ಯಾಂಕಿನ ಖಾತೆಗೆ ಬರುತ್ತದೆ, ಬೆಳೆಸಾಲ ಮೊದಲೇ ಮುರಿದುಕೊಂಡಿರುತ್ತದೆ. 2023–24ರ ಹಂಗಾಮಿನಲ್ಲಿ ಸರಾಸರಿ ಬೆಲೆ ಕಿಲೋಗೆ 250 ರೂಪಾಯಿ ದಾಟಿದಾಗ ಊರಿನಲ್ಲಿ ಹೊಸ ಮೋಟಾರು ಸೈಕಲ್ಲುಗಳು ಕಂಡವು. ಬೆಲೆ ಬಿದ್ದ ವರ್ಷ ಬೇಲು ‘ನೋ ಬಿಡ್’ ಆಗಿ ವಾಪಸು ಬರುತ್ತದೆ, ರೈತರು ಹರಾಜು ನಿಲ್ಲಿಸಿ ರಸ್ತೆಗೆ ಕೂರುತ್ತಾರೆ. ಆ ದಿನ ನಮ್ಮ ಊರಿನ ಹೋಟೆಲಿನಲ್ಲಿ ಕಾಫಿ ಕೇಳುವವರಿರುವುದಿಲ್ಲ.

ಗಮನಿಸಬೇಕಾದ್ದು ಇಲ್ಲಿದೆ. ಆ ಕಟ್ಟೆಯ ಮೇಲಿನ ಬೆಲೆಯಲ್ಲಿ ಊರಿನ ಕೈ ಇಲ್ಲ. ಬ್ರೆಜಿಲ್‌ನಲ್ಲಿ, ಜಿಂಬಾಬ್ವೆಯಲ್ಲಿ ಮಳೆ ಹೇಗಾಯಿತು, ಕಂಪನಿಗಳಿಗೆ ಎಷ್ಟು ಬೇಡಿಕೆ ಇದೆ, ದೆಹಲಿಯಲ್ಲಿ ಯಾವ ತೆರಿಗೆ ಏರಿತು – ಇವು ಅದನ್ನು ತೀರ್ಮಾನಿಸುತ್ತವೆ. ಸಿಗರೇಟಿನ ತೆರಿಗೆ ಹುಟ್ಟುವುದು ಕಾರ್ಖಾನೆಯ ಬಾಗಿಲಲ್ಲಿ, ಬ್ಯಾರನ್ನಿನ ಬಾಗಿಲಲ್ಲಲ್ಲ. ಕೋಟ್ಯಂತರ ರೂಪಾಯಿಯ ಸೊಪ್ಪು ಹಾದುಹೋಗುವ ರಸ್ತೆಯ ಚರಂಡಿ ಎತ್ತಿಸಲು ಗ್ರಾಮ ಪಂಚಾಯಿತಿಯ ಬಳಿ ಇರುವುದು ಮನೆ ಕಂದಾಯ, ನೀರಿನ ಕರ, ಸರ್ಕಾರದ ಅನುದಾನ. ಮತ್ತೆ ಕೆಲವು ಸಣ್ಣ ಹರಾಜುಗಳು: ಕೆರೆಯ ಮೀನು, ರಸ್ತೆಬದಿಯ ಹುಣಸೆಮರದ ಫಸಲು, ಸಂತೆಯ ಸುಂಕ.

ನಮ್ಮ ಊರಿನ ಸಂತೆ ಗುರುವಾರ. ಸುತ್ತಿನ ಹತ್ತಾರು ಹಳ್ಳಿಗೆ ಅದೇ ಸಂತೆ. ಒಣಮೀನು, ಬೆಲ್ಲ, ಕುಡುಗೋಲು, ನಾಟಿಕೋಳಿ, ಮಡಕೆ, ಪ್ಲಾಸ್ಟಿಕ್ ಕೊಡ, ವೀಳ್ಯದೆಲೆ. ವೀಳ್ಯದೆಲೆಯ ಪಕ್ಕದಲ್ಲೇ ಕಡ್ಡಿಪುಡಿ. ಇದೊಂದು ತಮಾಷೆ. ಇಲ್ಲಿ ಬೆಳೆದ ಸೊಪ್ಪನ್ನು ಇಲ್ಲಿಯ ಅಜ್ಜಿಯರು ಅಗಿಯುವುದಿಲ್ಲ, ಬೇರೆ ಕಡೆಯಿಂದ ಬಂದ ಕಡ್ಡಿಪುಡಿಯನ್ನು ದುಡ್ಡು ಕೊಟ್ಟು ಕೊಳ್ಳುತ್ತಾರೆ. ನಮ್ಮ ಸೊಪ್ಪು ಸಮುದ್ರ ದಾಟುತ್ತದೆ, ಇಲ್ಲವೇ ಕಾರ್ಖಾನೆ ಸೇರುತ್ತದೆ.

ಪ್ರತಿ ಮಾರ್ಚಿಯಲ್ಲಿ, ಹೊಸ ಆರ್ಥಿಕ ವರ್ಷಕ್ಕೆ ಮುಂಚೆ, ಸಂತೆ ಸುಂಕ ವಸೂಲಿಯ ಹಕ್ಕನ್ನು ಪಂಚಾಯಿತಿ ಬಹಿರಂಗ ಹರಾಜು ಹಾಕುತ್ತದೆ. ಠೇವಣಿ ಕಟ್ಟಿದವರು ಕೂಗಬಹುದು. ಹೆಚ್ಚು ಕೂಗಿದವನು ಪಂಚಾಯಿತಿಗೆ ಹಣ ಕಟ್ಟಿ ವರ್ಷವಿಡೀ ವ್ಯಾಪಾರಿಗಳಿಂದ ಸುಂಕ ಎತ್ತಿಕೊಳ್ಳುತ್ತಾನೆ. ಬುಟ್ಟಿಗೆ ಇಷ್ಟು, ಗಾಡಿಗೆ ಇಷ್ಟು ಎಂದು ದರ ಗೊತ್ತುಮಾಡಬೇಕಾದ್ದು ಪಂಚಾಯಿತಿ. ತಂಬಾಕು ಹರಾಜಿಗೆ ರಾತ್ರಿಯೇ ಟ್ರ್ಯಾಕ್ಟರ್ ಹತ್ತುವ ಊರು ಈ ಹರಾಜಿಗೆ ಬರುವುದಿಲ್ಲ. ಕೂಗುವ ಮೂರು ನಾಲ್ಕು ಮಂದಿ, ಅವರ ಸ್ನೇಹಿತರು, ಪಂಚಾಯಿತಿಯ ಸಿಬ್ಬಂದಿ. ಅಲ್ಲಿಗೆ ಮುಗಿಯಿತು. ಬೆಲೆ ಕಿಲೋಗೆ ಎರಡು ರೂಪಾಯಿ ಇಳಿದರೆ ಹೆದ್ದಾರಿ ತಡೆಯುವ ಜನಕ್ಕೆ ತಮ್ಮದೇ ಸಂತೆಮಾಳ ಎಷ್ಟಕ್ಕೆ ಹೋಯಿತೆಂದು ಗೊತ್ತಿರುವುದಿಲ್ಲ. ಮೊದಲನೆಯ ಹರಾಜಿನಲ್ಲಿ ಅವರಿಗೆ ಮಾತಿಲ್ಲ, ಎರಡನೆಯದರಲ್ಲಿ ಇದೆ. ಹೋಗುವುದು ಮಾತ್ರ ಮೊದಲನೆಯದಕ್ಕೆ.

ಕರ್ನಾಟಕದಲ್ಲಿ ಹಳ್ಳಿಯ ಆಡಳಿತದ ಕಲ್ಪನೆ ಸಣ್ಣದಾಗಿರಲಿಲ್ಲ. 1983ರ ಕಾನೂನಿನಿಂದ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತು ಬಂದವು, 1987ರಲ್ಲಿ ಚುನಾವಣೆ ನಡೆಯಿತು. ಅದರ ಹಿಂದೆ ಇದ್ದ ಅಬ್ದುಲ್ ನಜೀರ್ ಸಾಬರನ್ನು ಕೊಳವೆಬಾವಿ ಹಾಕಿಸಿದ್ದಕ್ಕಾಗಿ ಜನ ಇಂದಿಗೂ ನೀರ್ ಸಾಬ್ ಎಂದು ನೆನೆಯುತ್ತಾರೆ. 1993ರ ಪಂಚಾಯತ್ ರಾಜ್ ಅಧಿನಿಯಮದಲ್ಲಿ ನಾನೂರು ಜನಕ್ಕೆ ಒಬ್ಬ ಸದಸ್ಯನಿರಬೇಕೆಂದಿದೆ. ವಾರ್ಡ್ ಸಭೆ, ಗ್ರಾಮ ಸಭೆಗಳಿವೆ. 2010ರಿಂದ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ. ಗ್ರಾಮ ಸಭೆ ಕರೆದರೆ ಬರುವವರೆಷ್ಟು? ಸೊಪ್ಪು ಬೇಯುವ ಕಾಲದಲ್ಲಿ ಕರೆದರೆ ಒಲೆ ಬಿಟ್ಟು ಬರಲಾಗುವುದಿಲ್ಲ, ಮಾರ್ಕೆಟ್ ಕಾಲದಲ್ಲಿ ಕರೆದರೆ ಬೇಲು ಬಿಟ್ಟು ಬರಲಾಗುವುದಿಲ್ಲ. ಬಂದರೂ ಚರ್ಚೆ ಮನೆ ಮಂಜೂರಿಯದು, ಬೀದಿದೀಪದ್ದು. ಊರಿನ ಮುಕ್ಕಾಲು ಆದಾಯ, ಮುಕ್ಕಾಲು ಆತಂಕ ಎರಡೂ ಆದ ಹೊಗೆಸೊಪ್ಪಿನ ಸುದ್ದಿ ಕಾರ್ಯಸೂಚಿಯಲ್ಲಿ ಬಂದದ್ದನ್ನು ನಾನು ಕಂಡಿಲ್ಲ.

ಏಕೆ ಬರಬೇಕು ಎನ್ನುವುದಾದರೆ, ಮರದಿಂದ ಶುರುಮಾಡಬಹುದು. ಒಂದು ಕಿಲೋ ಸೊಪ್ಪು ಹದಮಾಡಲು ನಾಲ್ಕೈದು ಕಿಲೋ ಸೌದೆ ಬೇಕು. ಹಿಂದೆ ಹೊಲದ ಬದುಗಳಲ್ಲಿದ್ದ ಹೊಂಗೆ, ಮಾವು, ಹುಣಸೆ ಎಷ್ಟೋ ಒಲೆ ಸೇರಿವೆ. ದಕ್ಷಿಣಕ್ಕೆ ನಾಗರಹೊಳೆಯ ಕಾಡಿದೆ. ಬ್ಯಾರನ್ನಿನ ಮಾಡಿಗೆ ಕಾವು ಸೋರದ ಹೊದಿಕೆ ಹಾಕಿದರೆ, ಕಾಫಿ ಹೊಟ್ಟಿನಂಥ ಬದಲಿ ಇಂಧನ ಬಳಸಿದರೆ ಸೌದೆ ಉಳಿಯುತ್ತದೆ. ಹುಣಸೂರಿನ ತಂಬಾಕು ಸಂಶೋಧನಾ ಕೇಂದ್ರದವರೂ ಮಂಡಳಿಯವರೂ ಇದನ್ನು ಹೇಳುತ್ತಲೇ ಇದ್ದಾರೆ. ಪಂಚಾಯಿತಿಯ ಕೈಲಿರುವ ಮಾಳದಲ್ಲಿ, ಕೆರೆಯಂಗಳದ ಸುತ್ತ ಸೌದೆಗೆಂದೇ ಮರ ಬೆಳೆಸುವ ಮಾತನ್ನು ಗ್ರಾಮ ಸಭೆ ಆಡಬಹುದಲ್ಲ.

ಎರಡನೆಯದು ಇನ್ನೂ ದೊಡ್ಡದು. ತಂಬಾಕು ನಿಯಂತ್ರಣದ ಅಂತಾರಾಷ್ಟ್ರೀಯ ಒಪ್ಪಂದವನ್ನು ಭಾರತ 2004ರಲ್ಲಿ ಒಪ್ಪಿತು, 2005ರ ಫೆಬ್ರವರಿಯಲ್ಲಿ ಅದು ಜಾರಿಗೆ ಬಂತು. ಬೆಳೆಗಾರರಿಗೆ ಬದಲಿ ಬದುಕು ತೋರಿಸಬೇಕೆಂದು ಆ ಒಪ್ಪಂದದಲ್ಲೇ ಇದೆ. ಆದರೆ ಬದಲಿ ಯಾವುದು? ಶುಂಠಿ ಹಾಕಿ ಒಂದು ವರ್ಷ ಮನೆ ಕಟ್ಟಿದವರು ಮರುವರ್ಷ ಕೊಳೆರೋಗಕ್ಕೆ, ಬಿದ್ದ ಬೆಲೆಗೆ ಅದೇ ಮನೆ ಅಡವಿಟ್ಟದ್ದನ್ನು ಕಂಡಿದ್ದೇನೆ. ಮುಸುಕಿನ ಜೋಳ ಬೆಳೆಯಬಹುದು, ಆನೆ ಬಂದರೆ ಮುಗಿಯಿತು. ಹೊಗೆಸೊಪ್ಪನ್ನು ಆನೆಯೂ ಮುಟ್ಟುವುದಿಲ್ಲ, ದನವೂ ಮೇಯುವುದಿಲ್ಲ. ರಾಗಿಗೆ ಬೆಲೆ ಸಾಲದು. ರೇಷ್ಮೆ, ಹೈನು, ಸೊಪ್ಪಿನ ನಂತರದ ಹುರುಳಿ, ಅವರೆ – ಎರಡು ಮೂರನ್ನು ಸೇರಿಸಿ ದಾರಿ ಹುಡುಕುತ್ತಿರುವ ಮನೆಗಳಿವೆ. ನೀರಾವರಿ ಇದ್ದವರಿಗೆ ಅದು ಸುಲಭ, ಮಳೆ ನಂಬಿದವರಿಗೆ ಕಷ್ಟ. ‘ಬಿಡಿ, ಬಿಡಿ’ ಎನ್ನುವ ಮಂದಿ ಬಿಟ್ಟ ಮೇಲೆ ಜೂನಿನ ಫೀಜು ಯಾರು ಕಟ್ಟುತ್ತಾರೆಂದು ಹೇಳುವುದಿಲ್ಲ. ‘ನಮ್ಮ ಅಪ್ಪನ ಕಾಲದಿಂದ ಬೆಳೀತಿದೀವಿ’ ಎನ್ನುವವರು, ಬೇಡಿಕೆ ಇಳಿಯುವ ಕಾಲಕ್ಕೆ ಮಕ್ಕಳ ಗತಿ ಏನೆಂದು ಹೇಳುವುದಿಲ್ಲ. ನನಗೆ ಇಬ್ಬರ ಮೇಲೂ ಸಿಟ್ಟಿದೆ, ಬೆಳೆಗಾರರ ಮೇಲೆ ಸ್ವಲ್ಪ ಕಡಿಮೆ.

ನಮ್ಮ ಶಾಲೆಯ ಗೇಟಿನಲ್ಲಿ ಹಳದಿ ಬೋರ್ಡೊಂದಿದೆ. 2003ರ ಕಾನೂನಿನಂತೆ ಶಾಲೆಯಿಂದ ನೂರು ಗಜದೊಳಗೆ ತಂಬಾಕು ಪದಾರ್ಥ ಮಾರುವುದು ಅಪರಾಧ. ಅದರ ಬೇಲಿಯಾಚೆ, ಇಪ್ಪತ್ತು ಗಜ ದೂರದಲ್ಲಿ, ಹೊಗೆಸೊಪ್ಪಿನ ಹೊಲ. ಎಂಟನೇ ತರಗತಿಯ ಹುಡುಗನೊಬ್ಬ ಟೇಪು ಹಿಡಿದು ಅಳೆದು ಬಂದು, ‘ಸಾರ್, ನಮ್ಮಪ್ಪಂಗೆ ದಂಡ ಬೀಳುತ್ತಾ?’ ಎಂದು ಕೇಳಿದ. ಕಾನೂನು ಮಾರಾಟಕ್ಕೆ, ಬೆಳೆಗಲ್ಲ ಎಂದೆ. ‘ಹಂಗಾರೆ ಬೆಳೆಯೋದು ತಪ್ಪಲ್ವಾ?’ ಶ್ವಾಸಕೋಶದ ಪಾಠವನ್ನು ಬಾಯಿಪಾಠ ಮಾಡಿದ್ದ ಅವನ ಪುಸ್ತಕ, ಚೀಲ, ಕಾಲಿನ ಚಪ್ಪಲಿ ಎಲ್ಲ ಆ ಹೊಲದಿಂದಲೇ ಬಂದದ್ದು. ತಪ್ಪು ಸರಿಯ ಉತ್ತರ ಕೊಡದೆ, ಆ ಹೊಲದಲ್ಲಿ ಬೇರೆ ಏನು ಬೆಳೆದರೆ ಎಷ್ಟು ಬರುತ್ತದೆ, ಎಷ್ಟು ಸೌದೆ, ಎಷ್ಟು ಆಳು, ಎಷ್ಟು ಸಾಲ ಎಂದು ಅಪ್ಪನ ಜೊತೆ ಕೂತು ಬರೆದು ತಾ ಎಂದೆ. ತಂದ. ಮುಸುಕಿನ ಜೋಳ ಸೋತಿತ್ತು. ಆದರೆ ಸೊಪ್ಪಿನ ಲೆಕ್ಕದಲ್ಲಿ ಮನೆಯವರ ಕೂಲಿ ಸೇರಿಸಿರಲಿಲ್ಲ. ಅಮ್ಮ, ಅಜ್ಜಿ, ಅವನು – ಮೂವರ ದಿನಗಳನ್ನು ಸೇರಿಸಿದಾಗ ಅಂತರ ಬಹಳ ಕುಗ್ಗಿತು. ಅಪ್ಪ ಆ ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರಂತೆ.

ವರ್ಷಕ್ಕೊಮ್ಮೆ ನವೆಂಬರಿನ ಸುಮಾರಿಗೆ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮ ಸಭೆ ನಡೆಯುತ್ತದೆ. ಸಾಮಾನ್ಯವಾಗಿ ಮೇಷ್ಟರುಗಳೇ ಪ್ರಶ್ನೆ ಬರೆದುಕೊಡುತ್ತೇವೆ: ಶೌಚಾಲಯಕ್ಕೆ ನೀರು, ಬಸ್ಸು, ಕಾಂಪೌಂಡು. ಹೋದ ಸಲ ಅದನ್ನು ಬಿಟ್ಟೆವು. ಎರಡು ಗುರುವಾರ ಮಕ್ಕಳು ಸಂತೆಗೆ ಹೋಗಿ ಯಾರು ಏನು ಮಾರುತ್ತಾರೆ, ಎಷ್ಟು ಸುಂಕ ಕೊಟ್ಟರು, ರಸೀದಿ ಸಿಕ್ಕಿತೇ ಎಂದು ಬರೆದುಕೊಂಡು ಬಂದರು. ಸಭೆಯಲ್ಲಿ ಒಂಬತ್ತನೇ ತರಗತಿಯ ಹುಡುಗಿ ಎದ್ದುನಿಂತು, ‘ಒಂದೇ ಅಳತೆಯ ಬುಟ್ಟಿಗೆ ನಮ್ಮಮ್ಮನ ಹತ್ರ ಒಂದು ದರ, ಪಕ್ಕದೋರ ಹತ್ರ ಒಂದು ದರ ಯಾಕೆ ಸಾರ್? ದರದ ಬೋರ್ಡು ಎಲ್ಲಿದೆ?’ ಎಂದು ಕೇಳಿದಳು. ಅಧ್ಯಕ್ಷೆ ಅಭಿವೃದ್ಧಿ ಅಧಿಕಾರಿಯ ಮುಖ ನೋಡಿದರು, ಅಧಿಕಾರಿ ಕಡತ ನೋಡಿದರು. ದರ ಗೊತ್ತುಮಾಡಿದ ನಿರ್ಣಯ ಕಡತದಲ್ಲಿತ್ತು, ಸಂತೆಮಾಳದಲ್ಲಿರಲಿಲ್ಲ. ಹಾಕಿಸುತ್ತೇವೆ ಎಂದು ನಡವಳಿ ಪುಸ್ತಕದಲ್ಲಿ ಬರೆದುಕೊಂಡರು.

ಮಾರ್ಚಿಯ ಹರಾಜಿಗೆ ತಮಟೆ ಸಾರಿದ ದಿನ ಆ ಹುಡುಗಿಯ ತಾಯಿ, ಜೊತೆಗೆ ತರಕಾರಿ ಮಾರುವ ಇನ್ನೂ ನಾಲ್ಕೈದು ಹೆಂಗಸರು ಪಂಚಾಯಿತಿ ಅಂಗಳಕ್ಕೆ ಬಂದು ಹಿಂದೆ ನಿ೦ತರು. ಅವರು ಕೂಗಲಿಲ್ಲ, ಠೇವಣಿ ಕಟ್ಟಲು ಹಣವೂ ಇರಲಿಲ್ಲ. ‘ನೀವ್ಯಾಕ್ರಮ್ಮ ಬಂದ್ರಿ?’ ಎಂದು ಒಬ್ಬ ಕೇಳಿದ್ದಕ್ಕೆ, ‘ಕೊಡೋರು ನಾವೇ ಅಲ್ವೇನಪ್ಪ, ಎಷ್ಟಕ್ಕೋಯ್ತದೆ ನೋಡಾಣ ಅಂತ’ ಎಂದರು. ಕೂಗಾಟ ಹಿಂದಿನ ವರ್ಷಕ್ಕಿಂತ ಸ್ವಲ್ಪ ಹೊತ್ತು ಹೆಚ್ಚು ನಡೆಯಿತು.

ಬೋರ್ಡು ಏಪ್ರಿಲ್ ಎರಡನೇ ಗುರುವಾರ ಬಂತು. ಸಂತೆಮಾಳದ ಅರಳಿಕಟ್ಟೆಗೆ ಒರಗಿಸಿದ್ದಾರೆ, ಇನ್ನೂ ಮೊಳೆ ಹೊಡೆದಿಲ್ಲ. ಕೋಳಿಗೆ ಇಷ್ಟು, ಕುರಿಗೆ ಇಷ್ಟು, ಬಟ್ಟೆ ಅಂಗಡಿಗೆ ಇಷ್ಟು. ‘ಸೊಪ್ಪು, ಬುಟ್ಟಿ ಒಂದಕ್ಕೆ’ ಎಂಬ ಸಾಲಿನ ಮುಂದೆ ನಿಂತು ಒಬ್ಬ ಹುಡುಗ ಕಕ್ಕಾಬಿಕ್ಕಿಯಾಗಿ, ಬೇಲುಗಳನ್ನು ಸಂತೆಗೂ ತರುತ್ತಾರಾ ಎಂದು ಕೇಳಿದ. ಈ ಬೋರ್ಡಿನಲ್ಲಿ ಸೊಪ್ಪೆಂದರೆ ದಂಟು, ಕೀರೆ, ಸಬ್ಬಸಿಗೆ ಎಂದು ಅವನಿಗೆ ಬಿಡಿಸಿ ಹೇಳಬೇಕಾಯಿತು.